ಮಳೆ ಬರಲಿಲ್ಲ ಅಂತ ಮಕ್ಕಳ ಅಂಕ ಕಳೆಯುವ ಆಟ

ನಿನ್ನೆ ಒಂದು ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಬಂದಾಗಿನಿಂದ ಸಿಟ್ಟು ಇಳಿದಿಲ್ಲ.

ಅಲ್ಲಿ ಟ್ಯಾಬ್‌ನಲ್ಲಿ ಒಂದು ಆಟ ಇಟ್ಟಿದ್ದರು, ನೆರೆಯ ಮುನ್ಸೂಚನೆ ಕಲಿಸುವ ಆಟವಂತೆ. ಮೋಡ, ಗಾಳಿ, ಹೊಳೆಯ ಮಟ್ಟ ನೋಡಿ ಊರಿಗೆ ಎಚ್ಚರಿಕೆ ಕೊಡಬೇಕು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೋಡ ಕಪ್ಪಾದದ್ದು ನೋಡಿ ಗುಂಡಿ ಒತ್ತಿದಳು. ಮೋಡ ಚದುರಿತು. ‘ತಪ್ಪು’ ಅಂತ ಕೆಂಪು ಅಕ್ಷರ ಬಂತು, ಹತ್ತು ಅಂಕ ಹೋಯ್ತು. ಮುಂದಿನ ಸುತ್ತಿನಲ್ಲಿ ಬೆರಳು ಎತ್ತಿ ಹಿಡಿದು ಕಾದಳು, ಕಾದಳು, ನೀರು ಸೇತುವೆಗೆ ತಾಗಿದ ಮೇಲೆ ಒತ್ತಿದಳು. ‘ಸರಿ’, ಪೂರ್ತಿ ಅಂಕ! ಸುತ್ತ ನಿಂತವರೆಲ್ಲ ಚಪ್ಪಾಳೆ.

ನೀರು ಸೇತುವೆಗೆ ಬಂದ ಮೇಲೆ ಊರವರನ್ನು ದಾಟಿಸುವುದು ಹೇಗೆ? ಆ ಮಗು ಕಲಿತದ್ದು ಇಷ್ಟೇ: ಖಾತ್ರಿಯಾಗುವ ತನಕ ಬಾಯಿ ಬಿಡಬೇಡ.

ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯನ್ನು ‘ಅತ್ಯಂತ ಭಾರಿ’ ಎನ್ನುತ್ತದೆ. ಅಂಥ ಮಳೆಯ ಸಂಭವ ಇದ್ದಾಗ ರೆಡ್ ಅಲರ್ಟ್ ಕೊಡುತ್ತಾರೆ. ಸಂಭವ ಇದ್ದಾಗ! ಮರುದಿನ ಬಿಸಿಲು ಬಂದರೆ ನಮ್ಮಲ್ಲಿ ಏನಾಗುತ್ತದೆ ಅಂತ ಗೊತ್ತಲ್ಲ, ರಜೆ ಕೊಟ್ಟ ಜಿಲ್ಲಾಧಿಕಾರಿಗೂ ಬೈಗುಳ, ಇಲಾಖೆಗೂ ಬೈಗುಳ. ಆ ಬೈಗುಳವನ್ನೇ ಈ ಆಟ ಅಂಕ ಮಾಡಿ ಮಕ್ಕಳಿಗೆ ಹಂಚುತ್ತಿದೆ.

ಒಳ್ಳೆಯ ಆಟಗಳು ಇಲ್ಲದೇ ಇಲ್ಲ. ರೆಡ್ ಕ್ರಾಸ್ ರೆಡ್ ಕ್ರೆಸೆಂಟ್ ಹವಾಮಾನ ಕೇಂದ್ರದವರ ‘ಪೇಯಿಂಗ್ ಫಾರ್ ಪ್ರೆಡಿಕ್ಷನ್ಸ್’ ಆಟಕ್ಕೆ ದಾಳ, ಕಾಳು, ಲೋಟ ಇದ್ದರೆ ಸಾಕು. ನಾನು ಕ್ಲಾಸಿನಲ್ಲಿ ಹುಣಸೆ ಬೀಜ ಹಂಚಿ ಆಡಿಸುತ್ತೇನೆ. ಎರಡು ದಾಳ ಸೇರಿ 10 ಅಥವಾ ಹೆಚ್ಚು ಬಿದ್ದರೆ ನೆರೆ. ಮೊದಲೇ ಸಿದ್ಧತೆ ಮಾಡಿಕೊಂಡರೆ ಒಂದು ಬೀಜ ಖರ್ಚು, ಮಾಡದೇ ಇದ್ದಾಗ ನೆರೆ ಬಂದರೆ ನಾಲ್ಕು. ಬೀಜ ಕೊಟ್ಟು ಮುನ್ಸೂಚನೆ ಕೊಂಡವರಿಗೆ ಲೋಟದಡಿಯ ಒಂದು ದಾಳ ಮೊದಲೇ ಕಾಣುತ್ತದೆ. ಅದು 3ರ ಒಳಗಿದ್ದರೆ ಭಯವೇ ಇಲ್ಲ. 6 ಇದ್ದರೆ? ಆಗಲೂ ನೆರೆ ಬರುವುದು ಅರ್ಧಕ್ಕರ್ಧ ಸಲ ಮಾತ್ರ. ಆದರೂ ಮಕ್ಕಳು ಒಂದು ಬೀಜ ಇಡುತ್ತಾರೆ. ನೆರೆ ಬರದಿದ್ದರೆ ‘ಹೋಗ್ಲಿ ಬಿಡು, ಒಂದೇ ತಾನೆ’ ಅಂತ ಮುಂದಿನ ಸುತ್ತಿಗೆ ಹೋಗುತ್ತಾರೆ. ನನಗೆ ಬೇಕಾದದ್ದು ಆ ‘ಹೋಗ್ಲಿ ಬಿಡು’.

ಇದನ್ನು ಅಲ್ಲಿನ ಮಳಿಗೆಯವರಿಗೆ ಹೇಳಿದರೆ, ‘ಮೇಡಂ, ಸಂಭವನೀಯತೆ ಎಲ್ಲ ಚಿಕ್ಕ ಮಕ್ಕಳಿಗೆ ಕಷ್ಟ, ಸರಿ ತಪ್ಪು ಇದ್ದರೆ ಬೇಗ ಅರ್ಥವಾಗುತ್ತೆ’ ಅಂದರು. ಚೌಕಾಬಾರ ಆಡುವ ಮಕ್ಕಳನ್ನು ಅವರು ಕಂಡಿಲ್ಲವೇ? ನಾಲ್ಕೂ ಕವಡೆ ಮಗುಚಿ ಬೀಳುವುದು ಅಪರೂಪ ಅಂತ ಗೊತ್ತಿದ್ದೇ ಆರು ವರ್ಷದ ಮಗುವೂ ಕಾಯಿ ನಡೆಸುತ್ತದೆ. ಕಷ್ಟ ಇರುವುದು ಆಟ ಮಾಡಿದವರಿಗೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ನಮ್ಮ ಚಿಕ್ಕಮ್ಮನನ್ನು ಹಗ್ಗ ಹಿಡಿಸಿ ಕೆಳಗೆ ಇಳಿಸಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಕ್ಕಪಕ್ಕದವರು ಹಿಂದಿನ ದಿನವೇ ಕರೆದಿದ್ದರು. ‘ಹೋದ ತಿಂಗಳೂ ಹೀಗೇ ಹೆದರಿಸಿದ್ರಿ, ಏನಾಯ್ತು?’ ಅಂದರಂತೆ ಚಿಕ್ಕಮ್ಮ. ಇವತ್ತಿಗೂ ಅದನ್ನು ನೆನೆದರೆ ಎದೆ ನಡುಗುತ್ತದೆ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ಸತ್ತರು. 2013ರಲ್ಲಿ ಅಲ್ಲಿಗೇ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು, ಸಾವು ಹತ್ತಾರಕ್ಕೆ ನಿಂತಿತು. ಮುನ್ಸೂಚನೆ ಎಷ್ಟು ಸುಧಾರಿಸಿದರೂ ಜನ ಮನೆ ಬಿಟ್ಟು ಏಳದಿದ್ದರೆ ಅದು ಆಗುತ್ತಿರಲಿಲ್ಲ.

ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವವರೇ, ಶಾಲೆಗೆ ಇಂಥ ಆಟ ಕೊಳ್ಳುವ ಮೊದಲು ನೀವೇ ಒಂದು ಸಲ ಆಡಿ. ಎಚ್ಚರಿಕೆ ಕೊಟ್ಟ ಮೇಲೆ ಮಳೆ ಬಾರದಿದ್ದರೆ ಅಂಕ ಎಷ್ಟು ಕಳೆಯುತ್ತದೆ, ತಡವಾಗಿ ಒತ್ತಿದರೆ ಎಷ್ಟು ಕೊಡುತ್ತದೆ, ಅಷ್ಟು ನೋಡಿ. ದಾಳದ ಆಟದ ನಿಯಮ ಕನ್ನಡದಲ್ಲಿ ಒಂದು ಪುಟಕ್ಕೆ ಬರೆದಿಟ್ಟಿದ್ದೇನೆ, ಬೇಕಾದ ಮೇಷ್ಟ್ರು, ಟೀಚರ್‌ಗಳು ಇನ್‌ಬಾಕ್ಸ್‌ಗೆ ಬನ್ನಿ.