ಮೂರನೇ ಹಂತಕ್ಕೆ ಮುನ್ನ ಮೊದಲೆರಡು ಹಂತಗಳನ್ನು ಓದಬೇಕು

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿ ಅಣೆಕಟ್ಟಿನ ಎತ್ತರ ಹೆಚ್ಚಿಸುವ ಮಾತು ಬಾಗಲಕೋಟೆಯಲ್ಲಿ ಮತ್ತೆ ಬಿಸಿಯಾಗಿದೆ. ನೀರು ನಿಲ್ಲಿಸುವ ಮಟ್ಟ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿದರೆ ಇನ್ನೂ 75 ಸಾವಿರ ಎಕರೆಗೂ ಹೆಚ್ಚು ಜಮೀನು ಮುಳುಗಡೆಯಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿದ ಮೇಲಂತೂ ಚಹಾದಂಗಡಿಯಿಂದ ಹಿಡಿದು ಮದುವೆ ಮಂಟಪದವರೆಗೆ ಎಲ್ಲರ ಬಾಯಲ್ಲೂ ದರದ್ದೇ ಚರ್ಚೆ. ದರ ಮುಖ್ಯ, ನಿಜ. ಆದರೆ ಸಾರ್ವಜನಿಕ ಆಡಳಿತ ಪಾಠ ಮಾಡುವ ನನ್ನನ್ನು ಬೇರೊಂದು ಪ್ರಶ್ನೆ ಕಾಡುತ್ತಿದೆ. ಮೊದಲೆರಡು ಹಂತಗಳಲ್ಲಿ ಆಡಳಿತ ಏನು ಮಾಡಿತು, ಅದರಿಂದ ಯಾರ ಮನೆ ನಿಂತಿತು, ಯಾರದು ಬಿದ್ದಿತು ಎಂಬುದನ್ನು ಇದೇ ಜಿಲ್ಲೆಯ ನಾವು, ಅಧ್ಯಯನವೇ ಉದ್ಯೋಗವಾಗಿರುವ ನಾವು, ಕೂತು ಬರೆದಿಟ್ಟಿದ್ದೇವೆಯೇ?

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಇದು. ಇದರ ಹಿನ್ನೀರಿಗೆ ಹಳ್ಳಿಗಳು ಮಾತ್ರವಲ್ಲ, ಬಾಗಲಕೋಟೆಯ ಹಳೆಯ ಪೇಟೆಯ ಕೆಳಭಾಗವೂ ಹೋಯಿತು. ಊರನ್ನು ಎಬ್ಬಿಸಿ ಮತ್ತೊಂದು ಊರು ಕಟ್ಟುವುದಕ್ಕೆಂದೇ 1983ರಲ್ಲಿ ಪ್ರತ್ಯೇಕ ಕಾಯ್ದೆ ಬಂತು, ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು, ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ನವನಗರದ ನಕ್ಷೆ ಹಾಕಿದರು. ಸರ್ಕಾರಿ ಆಡಳಿತವನ್ನು ಅರಿಯಬೇಕೆಂಬವರಿಗೆ ಇಷ್ಟು ದೊಡ್ಡ ವಿಷಯ ರಾಜ್ಯದಲ್ಲಿ ಇನ್ನೆಲ್ಲಿ ಸಿಗುತ್ತದೆ? ಆದರೂ ನಮ್ಮ ತರಗತಿಗಳಲ್ಲಿ ನಡೆಯುವುದು 1887ರ ವುಡ್ರೋ ವಿಲ್ಸನ್ ಪ್ರಬಂಧ, ವೇಬರ್‌ನ ಅಧಿಕಾರಶಾಹಿ, ಆಡಳಿತಗಾರನ ಏಳು ಕೆಲಸಗಳನ್ನು ಪಟ್ಟಿ ಮಾಡುವ ಗ್ಯುಲಿಕ್‌ನ ಪೋಸ್ಡ್‌ಕಾರ್ಬ್ ಸೂತ್ರ. ಇವು ಬೇಡ ಎನ್ನುತ್ತಿಲ್ಲ, ನಾನೂ ಕಲಿಸುತ್ತೇನೆ. ಆದರೆ ಪುನರ್ವಸತಿ ಕೇಂದ್ರದ, ಅಂದರೆ ಮುಳುಗಡೆಯಾದವರಿಗೆಂದು ಕಟ್ಟಿದ ಹೊಸ ಊರಿನ, ಮನೆಯಿಂದಲೇ ಎದ್ದು ಬಂದ ಹುಡುಗನಿಗೆ ತನ್ನ ಅಜ್ಜನ ಹೊಲವನ್ನು ಯಾವ ಕಲಮಿನಡಿ ತೆಗೆದುಕೊಂಡರು ಎಂದು ಗೊತ್ತಿಲ್ಲದೆ ಹೋದರೆ, ಅದು ನಾವು ಕಲಿಸುವವರ ಲೋಪ.

ಕ್ಷೇತ್ರಕಾರ್ಯ ನಡೆಯುವುದೇ ಇಲ್ಲವೆಂದಲ್ಲ. ಹೇಗೆ ನಡೆಯುತ್ತದೆ ಎಂಬುದೇ ಸಮಸ್ಯೆ. ಒಮ್ಮೆ ವಿದ್ಯಾರ್ಥಿಗಳ ಜೊತೆ ಒಂದು ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದೆ. ಕೈಯಲ್ಲಿ ಬೇರೆ ಯಾರೋ ತಯಾರಿಸಿದ ಪ್ರಶ್ನಾವಳಿ. “ಪುನರ್ವಸತಿ ಸೌಲಭ್ಯಗಳ ಬಗ್ಗೆ ನಿಮ್ಮ ಅಭಿಪ್ರಾಯ: ಬಹಳ ತೃಪ್ತಿ, ತೃಪ್ತಿ, ಹೇಳಲಾಗದು, ಅತೃಪ್ತಿ, ಬಹಳ ಅತೃಪ್ತಿ.” ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಹುಡುಗನ ಮುಖ ನೋಡಿ, “ನಿನಗೆ ಯಾವುದು ಅನುಕೂಲವೋ ಅದನ್ನೇ ಬರೆದುಕೋ ತಮ್ಮಾ” ಎಂದರು. ಅವನು ‘ತೃಪ್ತಿ’ಗೆ ಗುರುತು ಹಾಕಿದ. ಇಂಥ ಗುರುತುಗಳನ್ನು ಕೂಡಿಸಿ, ಶೇಕಡಾವಾರು ತೆಗೆದು, ಬಣ್ಣದ ವೃತ್ತನಕ್ಷೆ ಹಾಕಿದರೆ ಒಂದು ಅಧ್ಯಾಯ ಮುಗಿಯುತ್ತದೆ. ಪರೀಕ್ಷಕಿಯಾಗಿ ಇಂಥ ಅಧ್ಯಾಯಗಳನ್ನು ಓದಿ ಓದಿ ನನಗೆ ನೋವಾಗಿದೆ.

ಅದೇ ಅಜ್ಜಿ ಆಮೇಲೆ ಒಳಗಿನಿಂದ ಒಂದು ತಗಡಿನ ಟ್ರಂಕು ತರಿಸಿದರು. ಅದರೊಳಗೆ ಭೂಸ್ವಾಧೀನದ ನೋಟಿಸು, ಐತೀರ್ಪಿನ (ಪರಿಹಾರ ನಿಗದಿ ಮಾಡಿದ ಆದೇಶದ) ಪ್ರತಿ, ಪರಿಹಾರ ಪಡೆದ ರಸೀದಿ, ನಿವೇಶನದ ಹಕ್ಕುಪತ್ರ, ವಕೀಲರು ಕೊಟ್ಟ ಕಾಗದ, ಎಲ್ಲವೂ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಂತೆಯೇ ಇದ್ದವು. ಹಕ್ಕುಪತ್ರದಲ್ಲಿ ಇದ್ದದ್ದು ತೀರಿಕೊಂಡ ಗಂಡನ ಹೆಸರು. ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರಲಿಲ್ಲ. ಇ-ಸ್ವತ್ತು (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ಮಾಡಿಸಲು ಹೋದರೆ ನಿವೇಶನದ ನಂಬರು ದಾಖಲೆಗೆ ಹೊಂದುವುದಿಲ್ಲ ಎಂದು ಹಿಂದಕ್ಕೆ ಕಳಿಸಿದ್ದರಂತೆ. ಅದು ತಮ್ಮಲ್ಲಿ ಸಿಗುವುದಿಲ್ಲ ಎಂದು ಒಂದು ಕಚೇರಿ, ಇದು ತಮಗೆ ಇನ್ನೂ ಹಸ್ತಾಂತರವಾಗಿಲ್ಲ ಎಂದು ಇನ್ನೊಂದು ಕಚೇರಿ. ಮಗನಿಗೆ ಮನೆ ಮೇಲೆ ಸಾಲ ಸಿಗುತ್ತಿಲ್ಲ. ಆಡಳಿತ ಎಂದರೆ ಆ ಮನೆಯವರ ಪಾಲಿಗೆ ಏನು ಎಂಬುದೆಲ್ಲ ಆ ಟ್ರಂಕಿನಲ್ಲಿ ತಾರೀಖು, ಸಹಿ, ಷರಾ ಸಮೇತ ಇತ್ತು. ನಮ್ಮ ಪ್ರಶ್ನಾವಳಿಯಲ್ಲಿ ಅದನ್ನು ಕೇಳುವ ಒಂದು ಸಾಲೂ ಇರಲಿಲ್ಲ.

ನಾನು ಬೇಡುತ್ತಿರುವುದು ಈ ಬಗೆಯ ಸಂಶೋಧನೆಯನ್ನು. ಜನರ ತೃಪ್ತಿ ಅಳೆಯುವುದನ್ನು ಬಿಟ್ಟು ಒಂದು ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಬೆನ್ನುಹತ್ತಿ ನೋಡುವುದು. ಜನರ ಎದುರು ಕೂತು ನಿತ್ಯ ತೀರ್ಮಾನ ಮಾಡುವ ಕೆಳಹಂತದ ನೌಕರನ ಕೈಯಲ್ಲೇ ನೀತಿ ನಿಜರೂಪ ಪಡೆಯುತ್ತದೆ ಎಂದು ಅಮೆರಿಕದ ವಿದ್ವಾಂಸ ಮೈಕೆಲ್ ಲಿಪ್ಸ್ಕಿ ಹೇಳಿ ನಾಲ್ಕು ದಶಕಗಳೇ ಕಳೆದವು. ಆ ನೌಕರನನ್ನು ಬೈಯುವುದು ಸುಲಭ. ಅವನ ಮೇಜಿನ ಮೇಲೆ ಎಷ್ಟು ಊರುಗಳ ಕಡತಗಳಿವೆ, ಅವನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಎಷ್ಟು ತಿಂಗಳಿಗೊಮ್ಮೆ ವರ್ಗವಾದರು ಎಂದು ಲೆಕ್ಕ ಹಾಕಿದವರು ಯಾರು?

ಪರಿಹಾರದ ಕಥೆಯನ್ನೇ ತೆಗೆದುಕೊಳ್ಳಿ. ಮೊದಲೆರಡು ಹಂತಗಳ ಸ್ವಾಧೀನ ನಡೆದದ್ದು ಬ್ರಿಟಿಷರ ಕಾಲದ 1894ರ ಕಾಯ್ದೆಯಡಿ. ಭೂಸ್ವಾಧೀನಾಧಿಕಾರಿ ನಿಗದಿ ಮಾಡಿದ ದರ ಸಾಲದು ಎನಿಸಿದವರು 18ನೇ ಕಲಮಿನಡಿ ಅರ್ಜಿ ಹಾಕಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದಿತ್ತು. ನ್ಯಾಯಾಲಯ ದರ ಹೆಚ್ಚಿಸಿದರೆ ಆ ಹೆಚ್ಚಿನ ಮೊತ್ತಕ್ಕೆ ಮೊದಲ ವರ್ಷ ಶೇಕಡ 9, ಆಮೇಲೆ ಶೇಕಡ 15ರ ಬಡ್ಡಿ. ಅಂದರೆ ದರ ಕಡಿಮೆ ಇಟ್ಟು ಕೂತಷ್ಟೂ ಬೊಕ್ಕಸಕ್ಕೆ ಹೊರೆ, ಕೋರ್ಟಿಗೆ ಅಲೆದಷ್ಟೂ ರೈತನಿಗೆ ಆಯುಷ್ಯ ವ್ಯಯ. ಕೋರ್ಟಿಗೆ ಹೋಗದವರಿಗೂ ಅದೇ ದರ ಸಿಗಲಿ ಎಂದು 1984ರಲ್ಲಿ 28-ಎ ಕಲಮು ಸೇರಿಸಿದರು. ಆದರೆ ತೀರ್ಪು ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಪಕ್ಕದ ಹೊಲದವನ ತೀರ್ಪು ಬಂದದ್ದು ಯಾವಾಗ ಎಂದು ಓದುಬರಹ ಬಾರದ ಮನುಷ್ಯನಿಗೆ ಮೂರು ತಿಂಗಳಲ್ಲಿ ತಿಳಿಯಬೇಕು! ಒಂದೇ ಬದುವಿನ ಆಚೆ ಈಚೆ ಇದ್ದ ಎರಡು ಮನೆತನಗಳ ಇವತ್ತಿನ ಸ್ಥಿತಿ ಅಜಗಜಾಂತರವಾಗಿದ್ದರೆ, ಅದಕ್ಕೆ ಮಣ್ಣಿನ ಗುಣ ಎಷ್ಟು ಕಾರಣ, ಈ ಕಲಮಿನ ಅರಿವು ಎಷ್ಟು ಕಾರಣ? ಐತೀರ್ಪುಗಳನ್ನೂ ತೀರ್ಪುಗಳನ್ನೂ ಒಂದೊಂದೇ ಊರಿನಂತೆ ಜೋಡಿಸಿ ನೋಡಿದರೆ ಉತ್ತರ ಸಿಗುವ ಪ್ರಶ್ನೆ ಇದು.

ಈ ಸಲ ಸರ್ಕಾರ ಒಪ್ಪಿಗೆ ಐತೀರ್ಪಿನ ದಾರಿ ಹಿಡಿದಿದೆ. ಒಪ್ಪಿ ಸಹಿ ಹಾಕಿದ ಮೇಲೆ ಕೋರ್ಟಿನ ಮಾತಿಲ್ಲ. ಒಳ್ಳೆಯದೇ ಇರಬಹುದು. ಆದರೆ ಹಿಂದೆ ಕೋರ್ಟಿಗೆ ಹೋದವರಿಗೆ ಕೊನೆಗೆ ಕೈಗೆ ಬಂದದ್ದೆಷ್ಟು, ಹೋಗದವರಿಗೆ ಬಂದದ್ದೆಷ್ಟು, ಒಟ್ಟಿಗೆ ಬಂದ ಹಣ ಮರಳಿ ಹೊಲವಾಯಿತೇ, ಮದುವೆ ಸಾಲಗಳಲ್ಲಿ ಕರಗಿತೇ ಎಂಬ ಲೆಕ್ಕ ಮುಂದಿಟ್ಟುಕೊಂಡು ತಾನೇ ರೈತ ಸಹಿ ಹಾಕಬೇಕು? ಎಕರೆಗೆ 40 ಲಕ್ಷ ಎಂದಾಗ ಕಣ್ಣ ಮುಂದೆ ಬರುವುದು ಖಾತೆದಾರ ಮಾತ್ರ. ಅದೇ ಹೊಲದಲ್ಲಿ ಕಬ್ಬು ಕಡಿದು, ಕಳೆ ತೆಗೆದು ಬದುಕುವ ಹೆಂಗಸಿನ ಹೆಸರು ಯಾವ ಉತಾರದಲ್ಲೂ (ಪಹಣಿಯಲ್ಲೂ) ಇಲ್ಲ. 2013ರ ಹೊಸ ಕಾಯ್ದೆ, ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಜಮೀನನ್ನೇ ನಂಬಿದ್ದ ಕೂಲಿಕಾರರ, ಗೇಣಿದಾರರ ಕುಟುಂಬಗಳನ್ನೂ ಬಾಧಿತ ಕುಟುಂಬ ಎಂದು ಒಪ್ಪುತ್ತದೆ. ಅವರನ್ನು ಪಟ್ಟಿ ಮಾಡುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡು ದಾಖಲಿಸಬೇಕಾದವರು ನಾವು.

ಈ ಕಾಯ್ದೆಯ ಇನ್ನೊಂದು ಅಂಶ ಬಹಳ ಜನರಿಗೆ ತಿಳಿದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಎಂದು 2013ರ ಕಾಯ್ದೆಯ 4ನೇ ಕಲಮು, ಅದರ ವರದಿ ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿಗೆ ಸಿಗಬೇಕು ಎಂದು 6ನೇ ಕಲಮು ಹೇಳುತ್ತದೆ. ಅದೇ 6ನೇ ಕಲಮು, ಬೇರೆ ಕಾನೂನಿನಡಿ ಪರಿಸರ ಪರಿಣಾಮದ ಅಧ್ಯಯನ ಆಗಬೇಕಿರುವ ನೀರಾವರಿ ಯೋಜನೆಗಳಿಗೆ ಇದರಿಂದ ವಿನಾಯಿತಿಯನ್ನೂ ಕೊಟ್ಟಿದೆ. ದೇಶದಲ್ಲಿ ಅಪಾರ ಜನರನ್ನು ಒಕ್ಕಲೆಬ್ಬಿಸಿದ್ದು ಅಣೆಕಟ್ಟುಗಳು, ವಿನಾಯಿತಿ ಸಿಕ್ಕಿದ್ದೂ ಅವಕ್ಕೇ. ಇದು ಅನ್ಯಾಯ ಎಂದು ನಾನು ನಂಬಿದ್ದೇನೆ. ಕಾನೂನು ಕಡ್ಡಾಯ ಮಾಡದ ಕೆಲಸವನ್ನು ಮಾಡಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ? ನಮ್ಮ ಕಾಲೇಜುಗಳು ಮಾಡಲಿ.

ಕೃಷ್ಣಾ ಮೇಲ್ದಂಡೆಯ ಪುನರ್ವಸತಿ ಸರಿಯಾಗಿ ನಡೆಯುತ್ತಿಲ್ಲ ಎಂದು ವಿಶ್ವಬ್ಯಾಂಕ್ 1990ರ ದಶಕದಲ್ಲಿ ಸಾಲದ ಹಣವನ್ನೇ ತಡೆಹಿಡಿದಿತ್ತು. 1998ರಲ್ಲಿ ಅದರ ಮೌಲ್ಯಮಾಪನ ವಿಭಾಗ ನಮ್ಮೂರುಗಳ ಮೇಲೆ ವರದಿ ತಂದಿತು. ಅದೇ ಬ್ಯಾಂಕಿನಲ್ಲಿದ್ದ ಸಮಾಜಶಾಸ್ತ್ರಜ್ಞ ಮೈಕೆಲ್ ಸರ್ನಿಯಾ, ಒಕ್ಕಲೆದ್ದವರು ಭೂಮಿ, ಉದ್ಯೋಗ, ಮನೆಯ ಜೊತೆಗೆ ಸಾಮೂಹಿಕ ಆಸ್ತಿಗಳನ್ನೂ ನೆರೆಹೊರೆಯ ಬಂಧವನ್ನೂ ಕಳೆದುಕೊಂಡು ಬಡತನಕ್ಕೆ ಜಾರುವ ಎಂಟು ದಾರಿಗಳನ್ನು ಗುರುತಿಸಿದರು. ಘಟಪ್ರಭೆಯ ದಂಡೆಯಲ್ಲಿ ಏನಾಯಿತೆಂದು ವಾಷಿಂಗ್ಟನ್ನಿನಲ್ಲಿ ಕೂತವರು ಇಂಗ್ಲಿಷಿನಲ್ಲಿ ಬರೆದರು. ನಾವು ಇಲ್ಲೇ ಇದ್ದೇವೆ, ಆ ಜನರ ಮಕ್ಕಳಿಗೇ ಪಾಠ ಹೇಳುತ್ತೇವೆ, ಅವರು ಓದಬಲ್ಲ ಕನ್ನಡದಲ್ಲಿ ಇಪ್ಪತ್ತು ಪುಟ ಬರೆದುಕೊಡಲು ನಮಗೇನು ಅಡ್ಡಿ?

ಅಡ್ಡಿಗಳಿವೆ, ಒಪ್ಪುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಊರಿನ ಐತೀರ್ಪುಗಳ ಪಟ್ಟಿ ಕೇಳಿದಳು. ವೈಯಕ್ತಿಕ ಮಾಹಿತಿ ಎಂದು ಅರ್ಜಿ ತಿರಸ್ಕೃತವಾಯಿತು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಹೆಸರು ಬೇಡ, ಸರ್ವೆ ನಂಬರಿಗೊಂದು ಸಂಕೇತ ಕೊಟ್ಟು ವಿಸ್ತೀರ್ಣ, ದರ, ತಾರೀಖು ಮಾತ್ರ ಕೊಡಿ ಎಂದು ಅವಳು ಮತ್ತೆ ಬರೆದಿದ್ದಾಳೆ. ಮುಗಿದುಹೋದ ಐತೀರ್ಪುಗಳನ್ನು ಹೀಗೆ ಹೆಸರು ತೆಗೆದು ಸರ್ಕಾರವೇ ಬಹಿರಂಗಪಡಿಸಿದರೆ ಯಾರ ಗೌಪ್ಯತೆಗೂ ಧಕ್ಕೆಯಿಲ್ಲ. ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನ ಮೊದಲ ವಿನಂತಿ ಇದು.

ಎರಡನೆಯದು ಸಹೋದ್ಯೋಗಿಗಳಲ್ಲಿ. ಈ ವರ್ಷದ ಸ್ನಾತಕೋತ್ತರ ಕಿರುಪ್ರಬಂಧಗಳಲ್ಲಿ ಕಾಲು ಭಾಗವನ್ನಾದರೂ ಇದಕ್ಕೆ ಮೀಸಲಿಡೋಣ. ಒಬ್ಬ ವಿದ್ಯಾರ್ಥಿಗೆ ಒಂದು ಪುನರ್ವಸತಿ ಕೇಂದ್ರ ಸಾಕು. ಮನೆಗಳ ಕಾಗದಪತ್ರ ಓದಲಿ, ಗ್ರಾಮ ಪಂಚಾಯಿತಿಯ ದಾಖಲೆಗೆ ತಾಳೆ ನೋಡಲಿ, ನಿವೃತ್ತರಾದ ಗುಮಾಸ್ತರನ್ನೂ ಸರ್ವೇಯರರನ್ನೂ ಮಾತನಾಡಿಸಲಿ. ಆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ತಡ ಮಾಡುವಂತಿಲ್ಲ. ಬರೆದದ್ದನ್ನು ಅದೇ ಊರಿನ ಗ್ರಾಮಸಭೆಯಲ್ಲಿ ಓದಿದ ಮೇಲೆಯೇ ಅಂಕ ಕೊಡೋಣ, ತಪ್ಪಿದ್ದರೆ ಊರವರೇ ತಿದ್ದುತ್ತಾರೆ.

ಬಾಗಲಕೋಟೆ, ಬೀಳಗಿ, ಮುಧೋಳ, ಜಮಖಂಡಿ ಕಡೆಯ ಮುಳುಗಡೆ ಸಂತ್ರಸ್ತರ ಮನೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಳೆಯ ನೋಟಿಸು, ಐತೀರ್ಪು, ಹಕ್ಕುಪತ್ರಗಳನ್ನು ನಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಒಪ್ಪಿಗೆ ಇದ್ದರೆ ನನಗೆ ಮೆಸೇಜ್ ಮಾಡಿ. ಕಾಗದದ ಫೋಟೋವನ್ನಾಗಲೀ ಸರ್ವೆ ನಂಬರನ್ನಾಗಲೀ ಇಲ್ಲಿ ಬಹಿರಂಗವಾಗಿ ಹಾಕಬೇಡಿ. ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಹುಡುಗರು ಕೇಳಿದರೂ ಸಹ. ನಿಮ್ಮ ಮನೆಯಲ್ಲೇ ಕೂತು ಓದಿ ಬರೆದುಕೊಂಡು ಬರುತ್ತಾರೆ.