ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು

ಬೆಂಗಳೂರಿನಲ್ಲಿ ಮಗುವನ್ನು ಎಂಟನೇ ಕ್ಲಾಸಿಗೆ ಸೇರಿಸುವಾಗ ಫಾರಂನಲ್ಲಿ ‘ಪ್ರಥಮ ಭಾಷೆ’ ಅಂತ ಒಂದು ಕಾಲಂ ಬರುತ್ತದೆ. ಮನೆಯಲ್ಲಿ ಆಡುವ ಮಾತು ಯಾವುದು ಅಂತ ಕೇಳುತ್ತಿದ್ದಾರೆ ಎಂದುಕೊಂಡು ‘ಕನ್ನಡ’ ಎಂದು ಬರೆದೀರಿ, ಜೋಕೆ. ಕೌಂಟರಿನ ಮೇಡಂ ಪೆನ್ನು ಕೆಳಗಿಟ್ಟು, ಮಗುವಿಗೆ ಜ್ವರವೇನೋ ಎಂಬಂತೆ ನೋಡುತ್ತಾರೆ: “ಯೋಚ್ನೆ ಮಾಡಿ ಸರ್, ಸಂಸ್ಕೃತ ಆದ್ರೆ ಸ್ಕೋರಿಂಗು.”

ಲೆಕ್ಕ ಇಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ಮಿಕ್ಕ ವಿಷಯಕ್ಕೆಲ್ಲ ನೂರು, ಪ್ರಥಮ ಭಾಷೆಗೆ ಮಾತ್ರ 125. ಅದರಲ್ಲಿ 100 ಬರವಣಿಗೆಗೆ, 25 ಆಂತರಿಕಕ್ಕೆ. ಹೆಚ್ಚಿನ 25 ಭಾಷೆಗೆ ತೊಡಿಸಿದ ಪೇಟ. ಪೇಟ ಬಾಡಿಗೆಗೂ ಸಿಗುತ್ತದೆ.

ಕನ್ನಡ ತಗೊಂಡ ಹುಡುಗನ ಪಾಡು ನೋಡಿ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಬೇಕು. ಮೊದಲೆರಡು ಸಾಲಿಗೆ 3-4-3-4 ಮಾತ್ರೆ. ಮೂರನೆಯದಕ್ಕೆ ಅದೇ 3-4 ಮೂರು ಸಲ, ತುದಿಗೊಂದು ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬುದನ್ನು ಒಂದೇ ಒಂದು ಕಡೆ ಮರೆತನೋ, ಮುಂದಿನ ಗಣಗಳೆಲ್ಲ ಜಾರುತ್ತವೆ. ಗುರುವನ್ನು ಎರಡು ಸೀಳು ಮಾಡಿದರೂ ಲೆಕ್ಕ ಕೂಡುವುದಿಲ್ಲ. ಇದರ ಮೇಲೆ ಗಾದೆ ವಿಸ್ತರಣೆ, ಪತ್ರ, ಪ್ರಬಂಧ. ‘ಧ’ ಇರಬೇಕಾದಲ್ಲಿ ‘ದ’ ಬಿದ್ದರೆ ಕೆಂಪು ಇಂಕು.

ಪಕ್ಕದ ಬೆಂಚಿನವನು ‘ರಾಮಃ ರಾಮೌ ರಾಮಾಃ’ ಎಂದು ಶುರುಮಾಡಿ, ಸಂಬೋಧನೆಯೂ ಸೇರಿ 24 ರೂಪ ಉರುಹೊಡೆಯುತ್ತಾನೆ. ಶ್ಲೋಕದ ತಾತ್ಪರ್ಯವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದರೂ ನಡೆಯುತ್ತದೆ. ಈ ರಿಯಾಯಿತಿ ಕಾಳಿದಾಸನಿಗೂ ಇರಲಿಲ್ಲ. ಸಂಸ್ಕೃತದ್ದೇನೂ ತಪ್ಪಿಲ್ಲ, ಪಾಪ. ಅದನ್ನು ಕಲಿಯಬೇಕೆಂದು ತಗೊಂಡವರು ಸಿಕ್ಕಿದರೆ ಅದಕ್ಕೂ ಖುಷಿಯಾದೀತು.

ಇದೇನು ಹೊಸ ತಂಟೆಯಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತದ ಜಾಗ ಎಲ್ಲಿ ಎಂದು ನೋಡುವುದಕ್ಕೇ 1980ರಲ್ಲಿ ಗೋಕಾಕ್ ಸಮಿತಿ ಕೂತಿತು, ಅದರ ವರದಿ ಜಾರಿಯಾಗಲಿ ಎಂದು 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದರು. ಇಷ್ಟಾದ ಮೇಲೂ ಎಷ್ಟೋ ಶಾಲೆಗಳಲ್ಲಿ ಕನ್ನಡ ಎರಡನೆಯದಾಗಿಯೋ ಮೂರನೆಯದಾಗಿಯೋ ಬಾಗಿಲ ಹತ್ತಿರ ಕೂತಿದೆ.

ಟೈಂಟೇಬಲ್ಲಿನಲ್ಲಿ ಪಿಟಿ, ಡ್ರಾಯಿಂಗೂ ಇವೆ. ಡಿಸೆಂಬರ್ ಬಂತೆಂದರೆ ಆ ಪೀರಿಯಡ್ಡುಗಳು ಗಣಿತದ ಮೇಷ್ಟ್ರಿಗೆ ಕೈಸಾಲ. ವಾಪಸು ಕೊಟ್ಟ ದಾಖಲೆ ಇಲ್ಲ. ಆಂತರಿಕ ಅಂಕದ ಪ್ರಾಜೆಕ್ಟು ಅಪ್ಪಂದಿರ ಪಾಲಿಗೆ. ಅವೆನ್ಯೂ ರಸ್ತೆಯಿಂದ ಚಾರ್ಟು, ಥರ್ಮೋಕೋಲ್ ಹೊತ್ತು ತಂದು, ರಾತ್ರಿ ಹನ್ನೊಂದಕ್ಕೆ ಅಂಟು ಒಣಗಲೆಂದು ಫ್ಯಾನ್ ಹಾಕಿದರೆ ಜ್ವಾಲಾಮುಖಿ ಸೋಫಾದ ಕೆಳಗೆ.

ರಿಸಲ್ಟಿನ ಮಾರನೇ ದಿನ ಗೇಟಿಗೆ ಫ್ಲೆಕ್ಸ್ ಏರುತ್ತದೆ. ಸಾಲಾಗಿ ಹನ್ನೆರಡು ಮಕ್ಕಳ ಫೋಟೋ, ಎಲ್ಲರ ಕೆಳಗೂ ‘ಸಂಸ್ಕೃತ 125/125’. ಮೇಲೆ ದಪ್ಪಕ್ಷರದಲ್ಲಿ ‘ಹಾರ್ಧಿಕ ಅಭಿನಂಧನೆಗಳು’. ಹನ್ನೆರಡೂ ಮಕ್ಕಳು ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡು ಹೋದರು.