22/7 ಪೈ ಅಲ್ಲ, ಮಕ್ಕಳಿಗೆ ಸರಿಯಾಗಿ ಹೇಳಿ

ಅಕ್ಕನ ಮಗಳ ಟ್ಯೂಷನ್ ನೋಟ್ಸ್ ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಂಬತ್ತನೇ ಕ್ಲಾಸು. "ಪೈ = 22/7, ಆದ್ದರಿಂದ ಪೈ ಭಾಗಲಬ್ಧ ಸಂಖ್ಯೆ" ಅಂತ ಬರೆಸಿ ಕೆಳಗೆ ಗೆರೆ ಎಳೆಸಿದ್ದಾರೆ. ಪಠ್ಯಪುಸ್ತಕದಲ್ಲಿ ಅಭಾಗಲಬ್ಧ, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ, ಅಂತಿದೆ. "ಮಾಮಾ, ಯಾವುದು ಬರೀಲಿ?" ಅಂತಾಳೆ.

22/7 ಪೈ ಅಲ್ಲ. ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವುದು ಪೈ; 22/7 ಅದಕ್ಕೆ ಹತ್ತಿರದ ಸಂಖ್ಯೆ, ಅಷ್ಟೇ. 22ನ್ನು 7ರಿಂದ ಕೈಯಲ್ಲೇ ಭಾಗಿಸಿ ನೋಡಿ. ಶೇಷ 1 ಬರುತ್ತದೆ, ಆಮೇಲೆ 3, 2, 6, 4, 5, ಮತ್ತೆ 1. 7ರಿಂದ ಭಾಗಿಸುವಾಗ ಶೇಷ ಸೊನ್ನೆ ಆಗದಿದ್ದರೆ 1ರಿಂದ 6ರೊಳಗೇ ಇರಬೇಕು ಅಲ್ವಾ? ಹಾಗಾಗಿ ಬಂದ ಶೇಷ ಮತ್ತೆ ಬರಲೇಬೇಕು. ಅದು ಬಂದ ಕೂಡಲೇ ಅಂಕಿಗಳೂ ಮೊದಲಿಂದ ಶುರು: 3.142857142857... ಯಾವ ಭಿನ್ನರಾಶಿ ತಗೊಂಡರೂ ಅಷ್ಟೇ. ಅದರ ದಶಮಾಂಶ ಒಂದೋ 13/40 = 0.325 ಥರ ಮುಗಿಯುತ್ತದೆ, ಇಲ್ಲಾ ಹೀಗೆ ಆವರ್ತವಾಗುತ್ತದೆ. ಎಷ್ಟು ಚೆಂದದ ವಿಷಯ ಇದು! ಇದನ್ನು ಬಿಟ್ಟು ಮಕ್ಕಳ ಕೈಯಲ್ಲಿ ಸುಮ್ನೆ ಗೆರೆ ಎಳೆಸುತ್ತಾರೆ.

ಪೈ ಹಾಗಲ್ಲ. 3.14159265... ಮುಗಿಯುವುದೂ ಇಲ್ಲ, ಆವರ್ತವಾಗುವುದೂ ಇಲ್ಲ. ಮೂರನೇ ದಶಮಾಂಶ ಸ್ಥಾನದಲ್ಲೇ 22/7 ಬೇರೆ ದಾರಿ ಹಿಡಿಯುತ್ತದೆ. ಪೈ ಅಭಾಗಲಬ್ಧ ಅಂತ ಲ್ಯಾಂಬರ್ಟ್ ಎಂಬ ಗಣಿತಜ್ಞ 18ನೇ ಶತಮಾನದಲ್ಲೇ ಸಾಧಿಸಿ ತೋರಿಸಿದ್ದಾನೆ.

"ಪರೀಕ್ಷೆಗೆ ಅಷ್ಟು ಸಾಕು ಬಿಡ್ರಿ" ಅಂದರು ಒಬ್ಬರು. ಸಾಕಾಗಲ್ಲ. ಇವುಗಳಲ್ಲಿ ಅಭಾಗಲಬ್ಧ ಯಾವುದು ಅಂತ ಒಂದು ಮಾರ್ಕಿನ ಪ್ರಶ್ನೆ ಬಂದರೆ ಈ ಮಕ್ಕಳೆಲ್ಲ ತಪ್ಪು ಬರೆಯುತ್ತಾರೆ. ವೃತ್ತದ ಕ್ಷೇತ್ರಫಲ ತೆಗೆಯಲು 22/7 ಬಳಸಿ, ನನ್ನ ತಕರಾರಿಲ್ಲ. ಆದರೆ ಬಳಸುವುದು ಬೇರೆ, ಅದೇ ಇದು ಅನ್ನುವುದು ಬೇರೆ. ನನ್ನ ಜಗಳ ಆ ಸಮ ಚಿಹ್ನೆಯ ಜೊತೆ.

ಇದು ನಮ್ಮ ಕಲಬುರಗಿಯಲ್ಲಿ ನಡೆಯುತ್ತಿದೆ ಅನ್ನುವುದೇ ಜಾಸ್ತಿ ನೋವು. ಸೇಡಂ ದಾರಿಯಲ್ಲಿ ಮಳಖೇಡ ಇದೆ. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ವೃತ್ತದ ಲೆಕ್ಕಕ್ಕೆ ಅವನು ಸ್ಥೂಲವಾಗಿ 3, ಸೂಕ್ಷ್ಮವಾಗಿ 10ರ ವರ್ಗಮೂಲ ಅಂತ ಎರಡು ಬೆಲೆ ಕೊಟ್ಟ. 10ರ ವರ್ಗಮೂಲ 3.162..., ಪೈಗೆ 22/7ರಷ್ಟೂ ಹತ್ತಿರವಿಲ್ಲ, ನಿಜ. ಆದರೂ ಕೆಲಸ ಸಾಗಿಸುವ ಬೆಲೆ ಬೇರೆ, ಸೂಕ್ಷ್ಮ ಬೆಲೆ ಬೇರೆ ಅಂತ ಅವನು ಬಿಡಿಸಿ ಹೇಳಿದ. ಸಾವಿರ ವರ್ಷದ ಮೇಲಾಯಿತು. ನಾವು ಅದನ್ನೇ ಕಲಸಿಬಿಡುತ್ತಿದ್ದೇವೆ.

ಟ್ಯೂಷನ್ ನಡೆಸುವ ಗೆಳೆಯರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಾಳೆ ಬೋರ್ಡಿನ ಮೇಲೆ 22/7ನ್ನು ಶೇಷ ಮರಳಿ ಬರುವವರೆಗೂ ಭಾಗಿಸಿ ತೋರಿಸಿ. ಪಕ್ಕದಲ್ಲೇ ಪೈಯ ಅಂಕಿಗಳನ್ನು ಬರೆಯಿರಿ. ಹತ್ತು ನಿಮಿಷವೂ ಹಿಡಿಯಲ್ಲ.